ಮೂರನೇ ನಂಬರಿನ ರಸೀದಿ

ಕೋರ್ಟಿನ ಆದೇಶ ಅಂಟಿಸಲು ಹೋದ ದಿನ
ಚಳಿಗೆ ಟೇಪು ಹಿಡಿಯಲಿಲ್ಲ.
ಬಾಗಿಲ ಗಾಜಿಗೆ ಅಂಗೈ ಒತ್ತಿ ಕಾಯಿಸಿ
ಮೂಲೆ ಮೂಲೆಗೂ ಉಗುರು ತೀಡಿ
ಅಂತೂ ನಿಲ್ಲಿಸಿದೆ:
ಇನ್ನು ಮುಂದೆ ಬಾಡಿಗೆ ಈಕೆಯ ಕೈಗೆ.
ಕೆಳಗೆ ನನ್ನ ಹೆಸರು, ತಪ್ಪು ಸ್ಪೆಲಿಂಗಿನಲ್ಲಿ.

ಲೊರೇನ್ ಊರು, ಈರಿ ಸರೋವರದ ದಡ.
ಉಕ್ಕಿನ ಕುಲುಮೆ ಆರಿದ ಮೇಲೆ
ಆರು ಮನೆಗಳ ಈ ಇಟ್ಟಿಗೆ ಕಟ್ಟಡಕ್ಕೆ
ಐದು ವರ್ಷದ ತೆರಿಗೆ ಬಾಕಿ.
ಬಾಕಿಗೆ ಬಡ್ಡಿ, ಬಡ್ಡಿಗೆ ದಂಡ,
ದಂಡಕ್ಕೆ ನಾನು.

ರಿಸೀವರ್ ಅಂದರೆ ಏನು ಅಂತ
ಎರಡನೇ ನಂಬರಿನ ಮಿಗ್ದಾಲಿಯಾ ಕೇಳಿದಳು, ಕಂಕುಳಲ್ಲಿ ಮಗು.
ಹಳೇ ಫೋನಿನದು ನೆನಪಿದೆಯಲ್ಲ, ಅದೇ, ಅಂದೆ:
ಎಲ್ಲರೂ ನನ್ನೊಳಗೆ ಮಾತಾಡುವುದು,
ನಾನು ಅತ್ತ ಕಡೆಗೆ ದಾಟಿಸುವುದು.
ಅವಳು ನಗಲಿಲ್ಲ.
ಹಾಗಾದರೆ ದಾಟಿಸು,
ಮಗುವಿನ ಕೋಣೆಯ ಹೀಟರು ನವೆಂಬರಿನಲ್ಲೇ ಸತ್ತಿದೆ.

ಹಣ ಹೋಗುವ ದಾರಿ ಆದೇಶದಲ್ಲೇ ಇದೆ.
ಮೊದಲು ಬಾಯ್ಲರು, ಆಮೇಲೆ ವಿಮೆ,
ನೀರು, ಕಸ, ನನ್ನ ಕೂಲಿ,
ಆಮೇಲೆ ಕೌಂಟಿಯ ಖಜಾನೆ.
ಉಳಿದರೆ ಮಾಲೀಕನಿಗೆ.
ಉಳಿದರೆ ಎಂಬ ಮಾತನ್ನು
ಟೈಪು ಮಾಡಿದವನಿಗೂ ನಗು ಬಂದಿರಬೇಕು.

ಐದನೇ ನಂಬರಿನ ಓಟಿಸ್, ಕ್ರೇನ್ ನಡೆಸಿದವನು,
ಬಾಡಿಗೆಯ ಜೊತೆ ಚೀಟಿಯೊಂದನ್ನು ಕೊಟ್ಟ:
ಹದಿನೇಳು ದೂರು, ಕ್ರಮಸಂಖ್ಯೆ ಸಮೇತ.
ಕೊನೆಯದು ಮೆಟ್ಟಿಲ ಬಲ್ಬು.
ಅದರ ಮುಂದೆ ಅವನೇ ಬರೆದಿದ್ದ: ನಾನೇ ಹಾಕಿದೆ.

ಮೂರನೇ ನಂಬರಿನಲ್ಲಿರುವವನು ಸ್ಟೇವನ್ ಬೊರೊವಿಚ್.
ಕಟ್ಟಡ ಅವನದು,
ಅವನಪ್ಪ ಕುಲುಮೆಯ ಓವರ್‌ಟೈಮಿನಲ್ಲಿ ಕೊಂಡದ್ದು.
ಒಂಬತ್ತನೇ ಕಲಮು ಓದಿದೆ, ಹೊಸ್ತಿಲಲ್ಲಿ ನಿಂತೇ:
ಮಾಲೀಕನು ಅಲ್ಲೇ ವಾಸವಿದ್ದಲ್ಲಿ
ಅವನೂ ಪೇಟೆಯ ದರದಲ್ಲಿ ಬಾಡಿಗೆ ಕೊಡತಕ್ಕದ್ದು.
"ನನ್ನ ಮನೆಗೆ?"
ನಿಮ್ಮ ಮನೆಗೆ.
"ನಿನಗೆ?"
ನನಗೆ. ನನ್ನಿಂದ ಬಾಯ್ಲರಿಗೆ,
ಬಾಯ್ಲರಿನಿಂದ ನಿಮ್ಮ ಪಾದಕ್ಕೆ.
ಬಾಗಿಲು ಹಾಕಿಕೊಂಡ. ಜೋರಾಗಿ ಅಲ್ಲ,
ಕೀಲು ಸಡಿಲ ಅಂತ ಅವನಿಗೆ ಗೊತ್ತು.

ಫೆಬ್ರವರಿ ಒಂದು. ಮೊಣಕಾಲುದ್ದ ಹಿಮ.
ಕಾಫಿ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ತಬ್ಬಿ
ನನ್ನ ಕಾರಿನವರೆಗೆ ಬಂದ.
ಒಳಗೆ ಕಾಲು ಡಾಲರಿನ ನಾಣ್ಯ, ಬರೀ ನಾಣ್ಯ,
ಸೋಪಿನ ಪುಡಿಯ ವಾಸನೆ.

ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರದ ಕೀಲಿ
ನನಗೆ ಕೊಟ್ಟ ಗೊಂಚಲಲ್ಲಿ ಇರಲಿಲ್ಲ ಎಂಬುದು
ಆಗ ಹೊಳೆಯಿತು.
ಮಿಗ್ದಾಲಿಯಾಳ ಮಗುವಿನ ಬಟ್ಟೆ, ಓಟಿಸನ ಕಂಬಳಿ,
ಒಂದು ಸಲ ಒಗೆದರೆ ಏಳು ನಾಣ್ಯ.
ಅದೂ ನನ್ನ ಲೆಕ್ಕಕ್ಕೇ ಬರಬೇಕಾದದ್ದು.

ಕಾರಿನಲ್ಲಿ ಕೂತು ಇಬ್ಬರೂ ಎಣಿಸಿದೆವು,
ಬ್ಯಾಂಕಿನ ಕಾಗದದ ಕೊಳವೆಗಳಿಗೆ ತುಂಬುತ್ತ,
ಗಾಜಿಗೆಲ್ಲ ಉಸಿರು ಕಟ್ಟುವ ತನಕ.
ಇಪ್ಪತ್ತೊಂದು ಕೊಳವೆ, ಮೇಲೆ ನಾಲ್ಕು ನಾಣ್ಯ.

ರಸೀದಿ ಪುಸ್ತಕ ತೊಡೆಯ ಮೇಲೆ.
ಬಾಬ್ತು ಎಂಬ ಖಾನೆಯಲ್ಲಿ ಪೆನ್ನು ನಿಂತಿತು.
ಬಾಡಿಗೆ ಅಂತ ಬರೆದರೆ ಸುಳ್ಳು.
ಯಂತ್ರದ ವರಮಾನ ಅಂತ ಬರೆದರೆ
ಇವನು ಇನ್ನೂ ಬಿಡಿಗಾಸು ಕೊಟ್ಟಿಲ್ಲ.
ಅವನ ಕಣ್ಣು ಹಿಂದಿನದು ತೋರುವ ಕನ್ನಡಿಯಲ್ಲಿ;
ಕಟ್ಟಡ ಅದರಲ್ಲಿ ಬೆಂಕಿಪೊಟ್ಟಣದಷ್ಟು.
"ಏನಾದರೂ ಬರಿ," ಅಂದ,
"ರಸೀದಿ ಮಾತ್ರ ಕೊಡು. ಇಪ್ಪತ್ತಾರು ವರ್ಷದಲ್ಲಿ
ನಾನು ಯಾರಿಗೂ ಕೊಟ್ಟವನಲ್ಲ."

ಯಂತ್ರದ ವರಮಾನ ಅಂತಲೇ ಬರೆದೆ.
ಅದರ ಕೆಳಗೆ, ಬಾಡಿಗೆ: ಬಾಕಿ.
ಓದಿದ. ಎರಡು ಸಲ. ಮಡಿಸಿ ಕಿಸೆಗಿಟ್ಟ.
ಇಳಿಯುವ ಮೊದಲು ಇನ್ನೊಂದು ಕಿಸೆಯಿಂದ
ಪುಟ್ಟ ಕೀಲಿಯೊಂದನ್ನು ತೆಗೆದು
ಮಿಕ್ಕ ನಾಲ್ಕು ನಾಣ್ಯದ ಮೇಲೆ ಇಟ್ಟ.

ಬಾಯ್ಲರಿನವನು ಗುರುವಾರ ಬಂದ.
ಯಾವ ಪೈಪು ಯಾವ ಗೋಡೆಯಲ್ಲಿ ತಿರುಗುತ್ತದೆಂದು
ಮೂರು ತಾಸು ಟಾರ್ಚು ಹಿಡಿದು ತೋರಿಸಿದವನು ಬೊರೊವಿಚ್.
ಆ ಮೂರು ತಾಸನ್ನು
ಅವನ ಬಾಡಿಗೆಯಲ್ಲಿ ವಜಾ ಮಾಡಬಹುದೇ ಎಂದು
ಕೋರ್ಟಿಗೆ ಬರೆದು ಕೇಳಿದ್ದೇನೆ.
ಉತ್ತರ ಬಂದಿಲ್ಲ.
ಮಗುವಿನ ಕೋಣೆಯಲ್ಲಿ ಈಗ ಅರವತ್ತೆಂಟು ಡಿಗ್ರಿ.